ಶುಕ್ರವಾರ ನಾನು ಹೇಳದೆ ಬಿಟ್ಟ ಮಾತು

ಈ ಜೂನ್‌ನಲ್ಲಿ ಪುಣೆಯಿಂದ ವಾಪಸು ಬರುವಾಗ ಮಳೆಯಿಂದಾಗಿ ಗಾಡಿ ಕಲ್ಯಾಣದಲ್ಲೇ ನಿಂತುಬಿಟ್ಟಿತು. ಮುಂದೆ ಹಳಿಯ ಮೇಲೆ ನೀರು, ಯಾವಾಗ ಹೊರಡುತ್ತದೋ ಗೊತ್ತಿಲ್ಲ ಎಂದರು. ಎಲ್ಲರೂ ಇಳಿದರು, ನಾನೂ ಇಳಿದೆ. ಸಾಮಾನ್ಯವಾಗಿ ನಾನು ಆ ಸ್ಟೇಷನ್ನಿನಲ್ಲಿ ಇಳಿಯುವುದಿಲ್ಲ. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಪಾರ್ಸೆಲ್ ಮೂಟೆಗಳನ್ನು ಒಟ್ಟಿದ್ದರು. ಮಳೆಗೆ ನೆನೆದ ಗೋಣಿಯ ವಾಸನೆ ಮೂಗಿಗೆ ತಾಗಿದ್ದೇ ತಡ, ನಡೆಯುತ್ತಿದ್ದವಳು ಅಲ್ಲೇ ನಿಂತೆ. ಮೂರು ವರ್ಷದ ಹಿಂದೆ ಒಂದು ಸೋಮವಾರ ಬೆಳಿಗ್ಗೆ ಇದೇ ವಾಸನೆಯ ನಡುವೆ, ನೆಲಕ್ಕೆ ಹಾಸಿದ ಚಾದರದ ಮೇಲೆ ಒಬ್ಬ ಮನುಷ್ಯ ಹೆಂಡತಿಯ ತೊಡೆಗೆ ತಲೆಯಿಟ್ಟು ಮಲಗಿದ್ದ. ಅವನು ಅಲ್ಲಿ ಹಾಗೆ ಮಲಗಬೇಕಾಗಿ ಬಂದದ್ದು ನನ್ನಿಂದ. ಇದನ್ನು ನಾನು ಇಲ್ಲಿಯವರೆಗೆ ಒಬ್ಬಳಿಗೆ ಮಾತ್ರ ಹೇಳಿದ್ದೇನೆ.

ನಾನು ಬೇಲಾಪುರದ ಒಂದು ಸರಕಾರಿ ಕಚೇರಿಯಲ್ಲಿ ಕ್ಲಾರ್ಕು. ಹುಟ್ಟಿದ್ದು ಉಡುಪಿಯ ಹತ್ತಿರ, ಮದುವೆಯಾಗಿ ಬಂದದ್ದು ಡೊಂಬಿವಿಲಿಗೆ. ಅಲ್ಲಿ ನನ್ನ ಭಾವ ಸಣ್ಣದೊಂದು ಹೋಟೆಲು ನಡೆಸುತ್ತಾರೆ, ಅತ್ತೆ ಅವರ ಜೊತೆಗಿದ್ದಾರೆ. ಕೆಲಸಕ್ಕೆ ಹತ್ತಿರವಾಗಲಿ ಎಂದು ನಾವಿಬ್ಬರು ಮಾತ್ರ ಸಾನಪಾಡಾದಲ್ಲಿ ಮನೆ ಮಾಡಿದ್ದೆವು. ನಾನು ಹೇಳುತ್ತಿರುವ ಮಳೆಗಾಲಕ್ಕೆ ಸರಿಯಾಗಿ ಒಂದು ವರ್ಷ ಮೊದಲು ನನ್ನ ಗಂಡ ಸುಧಾಕರ ಅಕ್ಯೂಟ್ ಲ್ಯುಕೇಮಿಯಾದಿಂದ, ಅಂದರೆ ದಿನಗಳ ಲೆಕ್ಕದಲ್ಲಿ ಏರುವ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಬಿಡದ ಜ್ವರವೆಂದು ಶುರುವಾದದ್ದು ನಾಲ್ಕನೆಯ ತಿಂಗಳಲ್ಲಿ ಮುಗಿದುಹೋಯಿತು. ಮೊದಲ ದಿನವೇ ಡಾಕ್ಟರು ನನ್ನನ್ನು ಕೂರಿಸಿಕೊಂಡು, ಪ್ರಯತ್ನ ಮಾಡೋಣ, ಆದರೆ ದಾರಿ ಬಹಳ ಕಷ್ಟದ್ದು ಎಂದಿದ್ದರು. ನನ್ನ ವಯಸ್ಸಿನವರೇ ಆದ, ಕಡಿಮೆ ಮಾತಿನ ಮರಾಠಿ ಹೆಂಗಸು. ಎರಡನೆಯ ಸುತ್ತಿನ ಕೀಮೋ ಆದಮೇಲೆ ನನ್ನ ಗಂಡನ ಎದೆಗೆ ಸೋಂಕು ಹತ್ತಿತು. ಕೊನೆಯ ದಿನ ಆ ಡಾಕ್ಟರು ನನ್ನ ಭುಜದ ಮೇಲೆ ಕೈಯಿಟ್ಟು ನಿಂತಿದ್ದರು. ಆ ನಾಲ್ಕು ತಿಂಗಳಲ್ಲಿ ಆಸ್ಪತ್ರೆಯ ಪ್ರತಿ ಮಹಡಿಯೂ, ರಕ್ತ ಕೊಡುವ ಕಿಟಕಿಯೂ, ಯಾವ ನರ್ಸಮ್ಮ ಯಾವ ಹೊತ್ತಿಗೆ ಸಿಗುತ್ತಾರೆ ಎಂಬುದೂ ನನಗೆ ಬಾಯಿಪಾಠವಾಗಿತ್ತು.

ಅವರು ಹೋದಮೇಲೆ ನಾನು ಒಲೆ ಹಚ್ಚುವುದನ್ನೇ ಬಿಟ್ಟಿದ್ದೆ. ಮಹಾದೇವಿ ಪರಿಚಯವಾದದ್ದು ಆಗ. ಕಲಬುರಗಿ ಕಡೆಯವಳು, ಮೂವತ್ತು ಇನ್ನೂ ದಾಟಿರಲಿಲ್ಲ. ತುರ್ಭೆಯ ಒಂದು ಕೋಣೆಯ ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಬಟ್ಟೆಯಲ್ಲಿ ಸುತ್ತಿ, ನಮ್ಮ ಸೆಕ್ಟರಿನ ಕನ್ನಡದವರ ಮನೆಗಳಿಗೆ ತಂದು ಕೊಡುತ್ತಿದ್ದಳು. ಗಂಡ ಸಿದ್ರಾಮ ಸಗಟು ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊರುವವನು. ಉಳಿದ ಮನೆಗಳಲ್ಲಿ ಬಾಗಿಲಲ್ಲೇ ಕೊಟ್ಟು ಹೋಗುವವಳು ನನ್ನ ಮನೆಯಲ್ಲಿ ಒಳಗೆ ಬಂದು ಕೂರುತ್ತಿದ್ದಳು. ನಾನು ತಟ್ಟೆ ತರದಿದ್ದರೆ ತಾನೇ ತಂದು ಮುಂದಿಡುತ್ತಿದ್ದಳು.

"ಉಣ್ರಿ ಅಕ್ಕಾ. ನೀವು ಉಣ್ಣೂ ತನಕ ನಾ ಇಲ್ಲೇ ಕುಂತಿರ್ತೀನಿ. ನನಗೇನ್ ಅವಸರ ಇಲ್ರಿ."

ಅವಸರ ಇರುತ್ತಿತ್ತು, ಇನ್ನೂ ಆರೇಳು ಮನೆಗೆ ಹೋಗಬೇಕಿರುತ್ತಿತ್ತು. ಆದರೂ ಕೂರುತ್ತಿದ್ದಳು. ಆ ಒಂದು ವರ್ಷ ನಾನು ಹೊಟ್ಟೆಗೆ ಏನಾದರೂ ತಿಂದಿದ್ದರೆ ಅದು ಅವಳು ಎದುರಿಗೆ ಕೂತದ್ದರಿಂದ.

ಜುಲೈಯಲ್ಲಿ ಎರಡು ದಿನ ಅವಳು ಬರಲಿಲ್ಲ. ಮೂರನೆಯ ದಿನ ಬಂದಾಗ ಕೈಯಲ್ಲಿ ರೊಟ್ಟಿ ಇರಲಿಲ್ಲ. ಸಿದ್ರಾಮನಿಗೆ ವಾರದಿಂದ ಜ್ವರ, ಬಾಯಿ ಮುಕ್ಕಳಿಸಿದರೆ ವಸಡಿನಿಂದ ರಕ್ತ, ತೋಳು ತೊಡೆಗಳ ಮೇಲೆಲ್ಲ ನೀಲಿ ಕಲೆ. ಕಲೆಗಳನ್ನು ಮೂಟೆ ತಾಗಿ ಆದದ್ದೆಂದು ತಿಳಿದಿದ್ದರಂತೆ. ಯಾರೋ ರಕ್ತ ಪರೀಕ್ಷೆ ಮಾಡಿಸಿದರು, ಲ್ಯಾಬಿನವರು ಚೀಟಿ ಕೊಟ್ಟು ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಚೀಟಿಯಲ್ಲಿದ್ದ ಆಸ್ಪತ್ರೆ ನಮ್ಮವರು ಇದ್ದದ್ದೇ. ಅಲ್ಲಿ ಸೇರಿಸಿಕೊಂಡಿದ್ದರು.

"ನನಗ ಹಿಂದಿ ಬಜಾರದ ಮಟ್ಟಿಗಿ ಬರ್ತದ್ರಿ ಅಕ್ಕಾ. ಡಾಕ್ಟರ್ ಏನಂತಾರ ಅಂಬೂದು ಒಂದೂ ತಿಳಿವಲ್ದು. ನೀವು ಒಮ್ಮೆ ಬರ್ರಿ, ನನ್ನ ಸಲುವಾಗಿ ಕೇಳಿ ಹೇಳ್ರಿ," ಎಂದಳು.

ಹೋದೆ. ಅದು ಶುಕ್ರವಾರ ಮಧ್ಯಾಹ್ನ. ವರ್ಷದ ಮೇಲೆ ಆ ಕಟ್ಟಡದೊಳಗೆ ಕಾಲಿಡುತ್ತಿದ್ದೆ. ಅದೇ ಮಹಡಿ, ಅದೇ ಕೋಣೆ, ಅದೇ ಡಾಕ್ಟರು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಇವರು ನಿಮ್ಮವರೇ ಎಂದು ಕೇಳಿ, ಪರಿಚಯದವರು, ಭಾಷೆಗೆಂದು ಬಂದೆ ಎಂದು ನಾನು ಹೇಳಿದಾಗ ಅವರ ಮುಖ ಅರಳಿತು. ನಿಮಗೆ ಈ ಕಾಯಿಲೆ ಗೊತ್ತಿದೆ, ನೀವು ಹೇಳಿದರೆ ಅವರಿಗೆ ಧೈರ್ಯ ಬರುತ್ತದೆ ಎಂದರು.

ಆಮೇಲೆ ಅವರು ಇಂಗ್ಲಿಷಿನಲ್ಲಿ ಹೇಳಿದ್ದೆಲ್ಲ ನನಗೆ ಇವತ್ತಿಗೂ ನೆನಪಿದೆ. ಇದು ಕೂಡ ಅಕ್ಯೂಟ್ ಲ್ಯುಕೇಮಿಯಾ, ಆದರೆ ನಿಮ್ಮ ಯಜಮಾನರಿಗೆ ಬಂದದ್ದಲ್ಲ. ಇದರಲ್ಲಿ ಒಂದು ಬೇರೆಯೇ ಜಾತಿ. ಮೊದಲ ಎರಡು ಮೂರು ವಾರ ದೊಡ್ಡ ಅಪಾಯ, ಎಲ್ಲಿ ಬೇಕಾದರೂ ರಕ್ತ ಸೋರಬಹುದು, ತಲೆಯೊಳಗೂ ಸೋರಬಹುದು. ಆ ವಾರಗಳನ್ನು ದಾಟಿದವರಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಔಷಧ ಇವತ್ತು ಸಂಜೆಯೇ ಶುರುವಾಗಬೇಕು, ಒಂದೊಂದು ದಿನವೂ ಮುಖ್ಯ. ರೇಷನ್ ಕಾರ್ಡಿನ ಮೇಲೆ ಸರಕಾರಿ ಯೋಜನೆಯಲ್ಲಿ ಎಲ್ಲ ಆಗುತ್ತದೆ, ಆ ಚಿಂತೆ ಬೇಡ. ಕೊನೆಗೆ, "ಈ ಕೋಣೆಯಲ್ಲಿ ಕೂತು ನಾನು ಒಳ್ಳೆಯ ಮಾತು ಹೇಳುವುದು ಅಪರೂಪ, ಮಿಸೆಸ್ ರಾವ್. ಇವತ್ತು ಹೇಳಬಹುದು," ಎಂದು ನಕ್ಕರು.

ನಾಲ್ಕು ತಿಂಗಳಲ್ಲಿ ಅವರು ನಕ್ಕದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಇದೇ ಕುರ್ಚಿಯಲ್ಲಿ ನಾನು ಕೂತಿದ್ದೆ, ಇದೇ ಮೇಜಿನ ಅಂಚನ್ನು ಹಿಡಿದುಕೊಂಡಿದ್ದೆ. ನನಗೆ ಯಾಕೆ ಈ ನಗು ಸಿಗಲಿಲ್ಲ? ಓದಿದ, ಒಂದು ದಿನವೂ ತಂಬಾಕು ಮುಟ್ಟದ, ಹೆಸರು ಹಿಡಿದು ಎಲ್ಲರನ್ನೂ ವಿಚಾರಿಸುತ್ತಿದ್ದ ನನ್ನ ಗಂಡನಿಗೆ ಕೆಟ್ಟ ಜಾತಿಯದು ಬಂದು, ಈ ಮೂಟೆ ಹೊರುವವನಿಗೆ ಒಳ್ಳೆಯ ಜಾತಿಯದು ಯಾಕೆ ಬರಬೇಕು? ಇಷ್ಟು ಸ್ಪಷ್ಟವಾಗಿ ಆ ಹೊತ್ತಿಗೆ ನಾನು ಯೋಚಿಸಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಇಷ್ಟೇ ಸ್ಪಷ್ಟವಾಗಿ ಯೋಚಿಸಿದ್ದೆ.

ಮಹಾದೇವಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಏನಂದ್ರು ಅಕ್ಕಾ?"

"ನಮ್ಮವರಿಗೆ ಬಂದಿತ್ತಲ್ಲ, ಅಂಥದ್ದೇ ಕಾಯಿಲೆ. ರಕ್ತದ ಕ್ಯಾನ್ಸರು," ಎಂದೆ. "ಎಲ್ಲಿ ಬೇಕಾದರೂ ರಕ್ತ ಸೋರಬಹುದಂತೆ. ತಲೆಯ ಒಳಗೂ. ಔಷಧ ಕೊಡ್ತಾರಂತೆ. ತುಂಬ ಕಷ್ಟ ಉಂಟು."

"ಉಳಿತಾರೇನ್ರಿ?"

ಡಾಕ್ಟರು ನಮ್ಮಿಬ್ಬರನ್ನೂ ನೋಡುತ್ತ ತಲೆಯಾಡಿಸುತ್ತಿದ್ದರು. ನಾನು ಅವರು ಹೇಳಿದ್ದನ್ನೇ ಹೇಳುತ್ತಿದ್ದೇನೆಂದು ಅವರಿಗೆ ಪೂರ್ತಿ ನಂಬಿಕೆ.

"ನನ್ನ ಗಂಡ ಉಳಿಯಲಿಲ್ಲ ಮಹಾದೇವಿ," ಎಂದೆ.

ನಾನು ಹೇಳಿದ ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಸುಳ್ಳೆನ್ನುವಂಥದ್ದು ಒಂದೂ ಸಿಗುವುದಿಲ್ಲ. ಹೆಚ್ಚಿನವರು ಗುಣವಾಗುತ್ತಾರೆ ಎಂಬ ಆ ಒಂದು ಮಾತನ್ನು ಮಾತ್ರ ನಾನು ಬಾಯಿಂದ ಹೊರಗೆ ಬಿಡಲಿಲ್ಲ.

ಅವಳು ಅಳಲಿಲ್ಲ. ಊರಿಗೆ ಫೋನ್ ಮಾಡಿ ಹಿರಿಯರನ್ನು ಕೇಳುತ್ತೇನೆ, ಒಂದು ದಿನ ಬಿಡಿ ಎಂದಳು. ಡಾಕ್ಟರು ಒಪ್ಪಲಾರದೆ ಒಪ್ಪಿದರು. ನಾಳೆ ನನಗೆ ರಜೆ, ಜ್ಯೂನಿಯರ್ ಇರುತ್ತಾರೆ, ಬೆಳಿಗ್ಗೆಯೇ ಸಹಿ ಮಾಡಿಸಿ ಎಂದು ನನಗೆ ಹೇಳಿದರು.

ಶನಿವಾರ ಅವಳು ನನ್ನನ್ನು ಮತ್ತೆ ಕರೆದಳು. "ಅತ್ತಿ ಅಳ್ಳಾಕತ್ತಾಳ್ರಿ, ಮಗನ ಮುಖ ಒಮ್ಮೆ ತೋರಸ ಅಂತಾಳ. ಉಳ್ಯಾಂಗಿಲ್ಲ ಅಂದ ಮ್ಯಾಲ ಇವರಿಗಿ ಇಲ್ಲಿ ಸೂಜಿ ಚುಚ್ಚಿಸಿ ಯಾಕ ಸಂಕಟ ಕೊಡ್ಲಿ? ಇವರೂ ಊರಿಗೇ ನಡಿ ಅಂತಾರ." ಜ್ಯೂನಿಯರ್ ಡಾಕ್ಟರು ಸಣ್ಣ ಪ್ರಾಯದವರು. ನನ್ನ ಕಡೆ ತಿರುಗಿ ಹಿಂದಿಯಲ್ಲಿ, ಮೇಡಂ, ಇವರಿಗೆ ಸರಿಯಾಗಿ ತಿಳಿಸಿ ಹೇಳಿ, ಹೋದರೆ ಬಹಳ ತಪ್ಪಾಗುತ್ತದೆ ಎಂದು ಬೇಡಿಕೊಂಡರು. ತಿಳಿಸಿದ್ದೇನೆ, ಅವರು ಕೇಳುತ್ತಿಲ್ಲ ಎಂದೆ. ನಮ್ಮ ಇಚ್ಛೆಯಿಂದಲೇ ಕರೆದುಕೊಂಡು ಹೋಗುತ್ತಿದ್ದೇವೆ ಎಂಬ ಕಾಗದವನ್ನು ನಾನೇ ತುಂಬಿದೆ. ಮಹಾದೇವಿ ಅದರ ಕೆಳಗೆ ಅಕ್ಷರ ಕೂಡಿಸಿ ಕೂಡಿಸಿ ಹೆಸರು ಬರೆದಳು. ಕಲ್ಯಾಣದಲ್ಲಿ ಅವರ ಸಂಬಂಧಿಕರೊಬ್ಬರಿದ್ದರು. ಭಾನುವಾರ ಅವರ ಮನೆಯಲ್ಲಿದ್ದು ಸೋಮವಾರ ಬೆಳಿಗ್ಗೆಯ ಗಾಡಿಗೆ ಕಲಬುರಗಿಗೆ ಹೋಗುವುದೆಂದಾಯಿತು. ರಿಕ್ಷಾ ಹತ್ತುವ ಮೊದಲು ಸಿದ್ರಾಮ ನನಗೆ ಎರಡೂ ಕೈ ಮುಗಿದ. ಅವನ ವಸಡಿನ ರಕ್ತ ತುಟಿಯ ಮೂಲೆಯಲ್ಲಿ ಒಣಗಿತ್ತು.

ಭಾನುವಾರ ನಾನು ಡೊಂಬಿವಿಲಿಗೆ ಹೋದೆ. ಮನೆಯಲ್ಲಿ ಒಬ್ಬಳೇ ಕೂರಲು ಆಗಲಿಲ್ಲ. ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತು ಬಸಳೆ ಬಿಡಿಸುತ್ತಿದ್ದರು. ಹೊರಗೆ ಒಂದೇ ಸಮ ಮಳೆ. ರೊಟ್ಟಿಯ ಹುಡುಗಿಯ ಗಂಡನಿಗೂ ಸುಧಾಕರನ ಕಾಯಿಲೆಯೇ ಬಂದಿದೆ, ಊರಿಗೆ ಹೊರಟಿದ್ದಾರೆ ಎಂದೆ. ಯಾರಿಗಾದರೂ ಹೇಳಬೇಕೆನಿಸಿತ್ತು, ಆದರೆ ಎಲ್ಲವನ್ನೂ ಅಲ್ಲ.

"ಡಾಕ್ಟರ್ ಎಂತ ಹೇಳಿದ್ರು?" ಎಂದು ಅತ್ತೆ ಕೇಳಿದರು.

ಅತ್ತೆಯ ಹತ್ತಿರ ಮಾತು ತಿರುಚಲು ನನಗೆ ಬರುವುದಿಲ್ಲ. "ಇದು ಬೇರೆ ಜಾತಿಯದ್ದಂತೆ. ಮೊದಲಿನ ಮೂರು ವಾರ ದಾಟಿದ್ರೆ ಹೆಚ್ಚಿನವರು ಗುಣ ಆಗ್ತಾರಂತೆ."

ಅತ್ತೆಯ ಕೈ ನಿಂತಿತು. "ಮತ್ತೆ ಯಾಕೆ ಊರಿಗೆ ಹೋಗುದು?"

"ಅವರ ಇಷ್ಟ."

"ಎಂಥ ಇಷ್ಟ ಮಾರಾಯ್ತಿ? ಗುಣ ಆಗ್ತದೆ ಅಂತ ಡಾಕ್ಟರ್ ಬಾಯಿಬಿಟ್ಟು ಹೇಳಿದ ಮೇಲೆ ಯಾರಾದ್ರೂ ಹೋಗ್ತಾರಾ? ಅವಳಿಗೆ ಸರಿ ಗೊತ್ತಾಗ್ಲಿಲ್ವೋ ಏನೋ." ಅತ್ತೆ ಬಸಳೆಯ ದಂಟನ್ನು ಕೈಯಲ್ಲೇ ಹಿಡಿದುಕೊಂಡು ಕಿಟಕಿಯ ಕಡೆ ನೋಡಿದರು. "ನಮ್ಮ ಸುಧಾಕರನಿಗೆ ಆ ಒಂದು ಮಾತು ಹೇಳಿದ್ದಿದ್ರೆ, ನಾನು ಆ ಆಸ್ಪತ್ರೆಯ ಮೆಟ್ಟಿಲಲ್ಲೇ ಬಿದ್ದುಕೊಳ್ತಿದ್ದೆ. ಕಾಲಲ್ಲಿ ಒದ್ದರೂ ಏಳ್ತಿರ್ಲಿಲ್ಲ."

ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಮಹಾದೇವಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಸಂಜೆಯವರೆಗೆ ಎಷ್ಟು ಸಲ ಮಾಡಿದೆನೋ ಗೊತ್ತಿಲ್ಲ. ಸಂಬಂಧಿಕರ ಮನೆ ಕಲ್ಯಾಣದಲ್ಲಿ ಎಲ್ಲಿ ಎಂದು ಕೇಳಿಕೊಂಡಿರಲಿಲ್ಲ. ಕೇಳಬೇಕೆಂದು ಅನಿಸಿಯೂ ಇರಲಿಲ್ಲ. ಅವರು ನನ್ನ ಕಣ್ಣೆದುರಿನಿಂದ ಹೋದರೆ ಸಾಕಾಗಿತ್ತು.

ಸೋಮವಾರ ಬೆಳಿಗ್ಗೆ ಡೊಂಬಿವಿಲಿಯಿಂದ ಲೋಕಲ್ ಹತ್ತಿದೆ. ಎರಡು ಸ್ಟೇಷನ್ನಿನ ದಾರಿ, ಮಳೆಗೆ ಗಾಡಿ ತೆವಳುತ್ತಿತ್ತು. ಠಾಕುರ್ಲಿ ದಾಟಿದ ಮೇಲೆ ನಡುದಾರಿಯಲ್ಲಿ ನಿಂತೇಬಿಟ್ಟಿತು. ಬಾಗಿಲಲ್ಲಿ ನಿಂತು ಹಳಿಯ ಮೇಲೆ ಹಾರಿ ನಡೆದುಬಿಡಲೇ ಎಂದುಕೊಂಡೆ. ಕಲ್ಯಾಣ ತಲುಪಿದಾಗ ಅವರ ಗಾಡಿಯ ಹೊತ್ತು ಮೀರಿತ್ತು. ಆದರೆ ಮಳೆ ಆ ಗಾಡಿಯನ್ನೂ ತಡೆದಿತ್ತು. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ, ಪಾರ್ಸೆಲ್ ಮೂಟೆಗಳ ಪಕ್ಕದಲ್ಲಿ ಅವರಿದ್ದರು.

ಸಿದ್ರಾಮನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಬಾಯಿಗೆ ಒತ್ತಿದ್ದ ಟವೆಲು ಕೆಂಪಾಗಿತ್ತು. ನನ್ನನ್ನು ನೋಡಿ ಮಹಾದೇವಿ, "ಅಕ್ಕಾ, ನೀವ್ಯಾಕ ಬಂದ್ರಿ ಈ ಮಳ್ಯಾಗ?" ಎಂದಳು. ನಾನು ಕಳಿಸಿಕೊಡಲು ಬಂದಿದ್ದೇನೆಂದು ಅವಳು ತಿಳಿದಳು. "ನಿನ್ನಿ ರಾತ್ರಿಯಿಂದ ಬಲಗಣ್ಣಿಗಿ ಕಾಣವಲ್ದು ಅಂತಾರ್ರಿ. ನಡುವ ಕೆಂಪಂದು ಪರದಿ ಬಿದ್ದಂಗ ಆಗ್ಯದಂತ."

ಆಗಲಾದರೂ ನಿಜ ಹೇಳಬಹುದಿತ್ತು. ಶುಕ್ರವಾರ ಡಾಕ್ಟರು ಹೇಳಿದ ಮಾತನ್ನು ನಾನು ನಿನಗೆ ಹೇಳಲಿಲ್ಲ ಎನ್ನಲು ಎಷ್ಟು ಹೊತ್ತು ಬೇಕು?

"ಡಾಕ್ಟರ್ ಫೋನ್ ಮಾಡಿದ್ರು," ಎಂದೆ. "ಹೊಸ ರಿಪೋರ್ಟ್ ಬಂದಿದೆಯಂತೆ. ನಮ್ಮವರಿಗೆ ಬಂದದ್ದಲ್ಲವಂತೆ ಇದು, ಬೇರೆಯಂತೆ. ಮೊದಲ ಮೂರು ವಾರ ದಾಟಿದ್ರೆ ಹೆಚ್ಚಿನವರು ಗುಣ ಆಗ್ತಾರಂತೆ. ಏಳು, ವಾಪಸ್ ಹೋಗುವ."

ಅವಳು ನನ್ನ ಕೈಗಳೆರಡನ್ನೂ ಹಿಡಿದುಕೊಂಡು ಹಣೆಗೆ ಒತ್ತಿಕೊಂಡಳು. ಅಲ್ಲಿಯವರೆಗೆ ಅಳದವಳು ಆಗ ಅತ್ತಳು.

ಟ್ಯಾಕ್ಸಿಯಲ್ಲಿ ಶಿಳ್‌ಫಾಟಾ ದಾರಿಯ ನೀರು ಹಾಯ್ದು ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಡಾಕ್ಟರು ಓಡೋಡಿ ಬಂದರು. ಅವನ ಕಣ್ಣು, ವಸಡು, ಹೊಟ್ಟೆ ನೋಡಿ ನರ್ಸುಗಳಿಗೆ ಹೇಳಬೇಕಾದ್ದನ್ನು ಹೇಳಿ ನನ್ನನ್ನು ಪಕ್ಕಕ್ಕೆ ಕರೆದರು. ಅವರಿಗೆ ಸಿಟ್ಟು ಬಂದಿತ್ತು. ನಾನು ಹೇಳಿದ್ದನ್ನು ನೀವು ಅವರಿಗೆ ಹೇಳಿದಿರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಹಾದೇವಿ ಒಂದು ಮಾರು ದೂರದಲ್ಲಿ ನಿಂತಿದ್ದಳು.

ಹೇಳಿದ್ದೆ, ಅವರಿಗೆ ಅರ್ಥವಾಗಲಿಲ್ಲ ಎಂದೆ.

ಡಾಕ್ಟರು ಮಹಾದೇವಿಯ ಕಡೆ ನೋಡಿದ ನೋಟವನ್ನು ಮರೆಯಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ಎಷ್ಟು ತಿಳಿಸಿದರೂ ತಿಳಿಯದ ಜನ ಎಂದು ಬೇಸತ್ತ ನೋಟ. ಮಹಾದೇವಿ ಅದನ್ನು ಕಂಡು ಸೆರಗು ಸರಿಮಾಡಿಕೊಂಡಳು, ತನ್ನಿಂದ ಏನೋ ತಪ್ಪಾಗಿದೆ ಎನ್ನುವ ಹಾಗೆ. ಬದುಕಿನಲ್ಲಿ ನಾನು ಮಾಡಿದ ಅತ್ಯಂತ ನೀಚ ಕೆಲಸ ಯಾವುದೆಂದು ಕೇಳಿದರೆ, ಶುಕ್ರವಾರದ್ದಲ್ಲ, ಸೋಮವಾರದ ಇದು ಎನ್ನುತ್ತೇನೆ. ಶುಕ್ರವಾರ ನನ್ನ ದುಃಖವಾದರೂ ನನ್ನ ಜೊತೆಗಿತ್ತು. ಸೋಮವಾರ ನಾನು ಉಳಿಸಿಕೊಂಡದ್ದು ನನ್ನ ಮರ್ಯಾದೆಯನ್ನು ಮಾತ್ರ.

ಆ ದಿನದಿಂದ ಡಾಕ್ಟರು ಹೇಳಿದ ಒಂದಕ್ಷರವನ್ನೂ ನಾನು ಬಿಡಲಿಲ್ಲ. ಔಷಧದ ಹೆಸರು ಆರ್ಸೆನಿಕ್ ಎಂದಾಗಲೂ ಅದು ಪಾಷಾಣವೆಂದು ಇದ್ದದ್ದನ್ನು ಇದ್ದಂತೆ ಹೇಳಿದೆ.

"ಪಾಷಾಣ ಅಂದ್ರ? ಇಲಿಗಿ ಹಾಕೂದೇನ್ರಿ ಅಕ್ಕಾ?"

"ಅದೇ. ಅಳೆದು, ಸಲೈನಿನಲ್ಲಿ ಸಣ್ಣಕೆ ಬಿಡ್ತಾರೆ. ಜೊತೆಗೆ ಗುಳಿಗೆ. ಈ ಕಾಯಿಲೆಗೆ ಅದೇ ಮದ್ದಂತೆ."

"ನೀವು ಹೇಳ್ತೀರಂದ್ರ ಹಾಕ್ಲಿ ಬಿಡ್ರಿ," ಎಂದಳು.

ಮೊದಲ ವಾರ ರಕ್ತ ನಿಲ್ಲುವುದೇ ಕಷ್ಟವಾಯಿತು. ಪ್ಲೇಟ್‌ಲೆಟ್ ಬೇಕೆಂದಾಗ ಮಾರ್ಕೆಟ್ಟಿನಿಂದ ಅವನ ಜೊತೆಯ ಹಮಾಲರು ಸರದಿಯಲ್ಲಿ ಬಂದರು. ಮೂಟೆ ಎಳೆಯುವ ಕೊಕ್ಕೆಗಳನ್ನು ರಕ್ತನಿಧಿಯ ಬಾಗಿಲ ಹೊರಗೆ ಸಾಲಾಗಿ ಇಟ್ಟು, ಒಬ್ಬೊಬ್ಬರಾಗಿ ಒಳಗೆ ಹೋಗಿ ತೋಳು ಚಾಚಿದರು. ಎರಡನೆಯ ವಾರ ಇದ್ದಕ್ಕಿದ್ದಂತೆ ಉಸಿರಾಟ ಕಷ್ಟವಾಗಿ, ಮೈಯೆಲ್ಲ ಊದಿಕೊಂಡು, ಆಮ್ಲಜನಕ ಹಾಕಿದರು. ಔಷಧ ಕೆಲಸ ಮಾಡುವಾಗಲೇ ಹೀಗೊಂದು ಸಂಕಟ ಬರುವುದುಂಟು ಎಂದರು ಡಾಕ್ಟರು. ಬೇಲಾಪುರದಿಂದ ಸಂಜೆ ನೇರ ಅಲ್ಲಿಗೇ ಹೋಗುತ್ತಿದ್ದೆ. ವಾರ್ಡಿನ ಹೊರಗೆ ಮಹಾದೇವಿಯ ಪಕ್ಕ ಕೂತು, ಇವನು ಸಾಯದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅವಳಿಗಾಗಿ ಎಷ್ಟು ಬೇಡಿಕೊಂಡೆನೋ ನನಗಾಗಿಯೂ ಅಷ್ಟೇ.

ಮೂರನೆಯ ವಾರ ದಾಟಿತು. ಸೆಪ್ಟೆಂಬರಿನಲ್ಲಿ ಮೂಳೆಯ ಮಜ್ಜೆ ತೆಗೆದು ನೋಡಿದರು. ಕಾಯಿಲೆಯ ಕಣ ಒಂದೂ ಕಾಣಲಿಲ್ಲ. ಇದು ಗೆದ್ದ ಹಾಗಲ್ಲ, ಮತ್ತೆ ಬರದಂತೆ ಇನ್ನೂ ಕೆಲವು ತಿಂಗಳು ಇದೇ ಔಷಧದ ಸುತ್ತುಗಳಿವೆ ಎಂದರು. ಅದನ್ನೂ ಹೇಳಿದೆ. ಸಿದ್ರಾಮ ಹಾಸಿಗೆಯ ಮೇಲೆ ಎದ್ದು ಕೂತು, ಹೋಳಿಗೆ ತಿನ್ನಬೇಕೆನಿಸಿದೆ ಎಂದು ನಕ್ಕ. ಬಲಗಣ್ಣಿನ ನಡುಭಾಗ ಮಾತ್ರ ಹಿಂದಿರುಗಲಿಲ್ಲ. ಕಣ್ಣಿನ ಹಿಂದೆ ರಕ್ತ ಸೋರಿ ನಿಂತಿತ್ತು. ಅಂಚಿನಲ್ಲಿ ಬೆಳಕು, ನಡುವೆ ಕತ್ತಲೆ. ಮೂಟೆ ಹೊತ್ತು ಹಲಗೆಯ ಮೇಲೆ ನಡೆದು ಲಾರಿ ಏರುವ ಕೆಲಸ ಇನ್ನು ಆಗುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದರು. ಯಾವಾಗ ಸೋರಿತು, ಯಾಕೆ ಸೋರಿತು ಎಂದು ನಾನು ಅವರನ್ನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಅಷ್ಟರಲ್ಲಿ ತುರ್ಭೆಯ ಅವರ ಗಲ್ಲಿಯಲ್ಲಿ ನಾನೊಂದು ಕಥೆಯಾಗಿದ್ದೆ. ಅಕ್ಕ ಮಳೆಯಲ್ಲಿ ಓಡಿ ಬಂದಳು, ಗಾಡಿ ಹತ್ತುವವರನ್ನು ಕೈಹಿಡಿದು ಇಳಿಸಿದಳು ಎಂದು ಮಹಾದೇವಿ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದಳು. ಹೆಂಗಸರು ನನ್ನನ್ನು ಕಂಡರೆ ಕಾಲು ಮುಟ್ಟುತ್ತಿದ್ದರು. ನವೆಂಬರಿನಲ್ಲಿ ನಮ್ಮ ಕಡೆಯ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ನನಗೆ ಸನ್ಮಾನವಿಟ್ಟರು. ಬೇಡವೆಂದೆ. ನಿಮ್ಮ ಸಂಕೋಚ ದೊಡ್ಡದು ಎಂದು ಅದನ್ನೂ ನನ್ನ ಗುಣಕ್ಕೇ ಸೇರಿಸಿದರು. ವೇದಿಕೆಯ ಮೇಲೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟರು. ಮಹಾದೇವಿಗೆ ಮೈಕು ಕೊಟ್ಟರು.

"ನಮ್ಮವ್ವ ನನ್ನ ಹಡದಾಳ. ನನ್ನ ಕುಂಕುಮ ಉಳಿಸಿದಾಕಿ ಈ ಅಕ್ಕ," ಎಂದಳು. ಸಭೆ ಚಪ್ಪಾಳೆ ತಟ್ಟಿತು. ಮೊದಲ ಸಾಲಿನಲ್ಲಿ ಸಿದ್ರಾಮ, ಒಂದು ಪಕ್ಕಕ್ಕೆ ತಲೆ ವಾಲಿಸಿಕೊಂಡು, ಕಾಣುವ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದ. ನಾನು ಶಾಲನ್ನು ತೆಗೆಯಲಿಲ್ಲ. ಫೋಟೋಕ್ಕೂ ನಿಂತೆ.

ಮರುದಿನ ಕಚೇರಿಗೆ ರಜೆ ಹಾಕಿ ತುರ್ಭೆಗೆ ಹೋದೆ. ಸಿದ್ರಾಮ ಮಾರ್ಕೆಟ್ಟಿನ ಗೆಳೆಯರನ್ನು ನೋಡಲು ಹೋಗಿದ್ದ. ಮಹಾದೇವಿ ಒಬ್ಬಳೇ ಇದ್ದಳು, ಹಂಚಿನ ಮೇಲೆ ರೊಟ್ಟಿಯಿತ್ತು. ಕೂರಿ ಎಂದಳು. ನಾನು ನಿಂತೇ ಹೇಳಿದೆ. ಹೊಸ ರಿಪೋರ್ಟ್ ಯಾವುದೂ ಬಂದಿರಲಿಲ್ಲ, ಡಾಕ್ಟರು ಫೋನ್ ಮಾಡಿರಲಿಲ್ಲ. ಗುಣವಾಗುತ್ತದೆ ಎಂದು ಶುಕ್ರವಾರವೇ ಹೇಳಿದ್ದರು. ನಾನು ನಿನಗೆ ಹೇಳಲಿಲ್ಲ.

ರೊಟ್ಟಿ ತಿರುವುವುದನ್ನು ಅವಳು ನಿಲ್ಲಿಸಲಿಲ್ಲ. ಒಂದು ತೆಗೆದು, ಇನ್ನೊಂದು ಹಾಕಿ, ನೀರು ಸವರಿ, ಆಮೇಲೆ ಕೇಳಿದಳು.

"ಶುಕ್ರವಾರನೇ ಹೇಳಿದ್ರೇನು?"

"ಹೌದು."

"ಅಲ್ಲೇ, ನನ್ನ ಮುಂದನೇ?"

"ಹೌದು."

"ಯಾಕ್ರಿ?"

"ನನ್ನವರು ಹೋದರು, ನಿನ್ನವರು ಉಳಿತಾರೆ ಅಂತ ಕೇಳಿದಾಗ ನನಗೆ ಸಹಿಸ್ಲಿಕ್ಕೆ ಆಗ್ಲಿಲ್ಲ ಮಹಾದೇವಿ." ಇದಕ್ಕಿಂತ ಮರ್ಯಾದೆಯ ಉತ್ತರವನ್ನು ದಾರಿಯುದ್ದಕ್ಕೂ ಹುಡುಕಿದ್ದೆ, ಸಿಕ್ಕಿರಲಿಲ್ಲ.

ಅವಳು ಒಲೆ ಆರಿಸಿದಳು. ಹಿಟ್ಟಿನ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಬೈಯುತ್ತಾಳೆಂದು ಕಾದೆ, ಬೈಯಲಿ ಎಂದು ಆಸೆಪಟ್ಟೆ.

"ಕಣ್ಣು?" ಎಂದಳು.

"ಗೊತ್ತಿಲ್ಲ. ನಾನು ಕೇಳಿಲ್ಲ."

"ಇವರಿಗಿ ಹೇಳಬ್ಯಾಡ್ರಿ," ಎಂದು ಎದ್ದಳು. "ಇವರು ನಿಮ್ಮ ಮಾತಿಗಿ ಔಷಧ ತಗೋತಾರ. ಇನ್ನೂ ಎರಡು ಸುತ್ತು ಅದಾವು. ಹೇಳಿದ್ರ ಔಷಧನೇ ಬಿಡ್ತಾರ." ನನ್ನನ್ನು ಬಾಗಿಲವರೆಗೆ ಕಳಿಸಲು ಬರಲಿಲ್ಲ. ಅಂದಿನಿಂದ ಅವಳು ನನ್ನನ್ನು ಅಕ್ಕ ಎಂದು ಕರೆದದ್ದಿಲ್ಲ.

ನನ್ನ ಮನೆಗೆ ರೊಟ್ಟಿ ಬರುವುದೂ ನಿಂತಿತು. ಆಸ್ಪತ್ರೆಯ ಮುಂದಿನ ಭೇಟಿ ಡಿಸೆಂಬರಿನಲ್ಲಿತ್ತು. ನನ್ನನ್ನು ಕರೆಯುವುದಿಲ್ಲವೆಂದುಕೊಂಡಿದ್ದೆ. ಸಿದ್ರಾಮನೇ ಫೋನ್ ಮಾಡಿ, "ಅಕ್ಕಾರ, ನೀವಿಲ್ದ ಹ್ಯಾಂಗ್ರಿ?" ಎಂದ. ಹೋದೆ. ಡಾಕ್ಟರ ಎದುರಿನ ಕುರ್ಚಿಯಲ್ಲಿ ಯಾವಾಗಲೂ ನಾನು ಕೂರುತ್ತಿದ್ದೆ. ಆ ದಿನ ಮಹಾದೇವಿ ಕೂತಳು. ಸಿದ್ರಾಮನನ್ನು ತೂಕ ನೋಡಲು ಹೊರಗೆ ಕರೆದುಕೊಂಡು ಹೋಗಿದ್ದರು. ನಾನು ಗೋಡೆಯ ಹತ್ತಿರ ನಿಂತೆ.

ಐದು ತಿಂಗಳು ವಾರ್ಡಿನ ಹೊರಗೆ ಕೂತವಳು ಅವಳು. ಅಕ್ಕಪಕ್ಕದ ರೋಗಿಗಳ ಮನೆಯವರಿಂದ, ಆಯಾಗಳಿಂದ ಹೆಕ್ಕಿಕೊಂಡ ಹಿಂದಿಯಲ್ಲಿ, ತಡವರಿಸುತ್ತ, ಡಾಕ್ಟರನ್ನು ಅವಳೇ ಕೇಳಿದಳು. ಮೇರಾ ಆದ್ಮಿ ಬಚೇಗಾ ಕ್ಯಾ? ನನ್ನ ಗಂಡ ಉಳಿಯುತ್ತಾನೆಯೇ ಎಂದು.

ಡಾಕ್ಟರು ಒಮ್ಮೆ ನನ್ನ ಕಡೆ ನೋಡಿ, ಆಮೇಲೆ ಅವಳ ಕಡೆಗೇ ತಿರುಗಿ, ಸಣ್ಣ ಸಣ್ಣ ವಾಕ್ಯಗಳಲ್ಲಿ ಹಿಂದಿಯಲ್ಲೇ ಉತ್ತರಿಸಿದರು. ಈಗ ಚೆನ್ನಾಗಿದ್ದಾನೆ. ಮುಂದಿನ ಎರಡು ಮೂರು ವರ್ಷ ಪರೀಕ್ಷೆ ತಪ್ಪಿಸಬಾರದು. ಅಷ್ಟರಲ್ಲಿ ಬರದಿದ್ದರೆ ಮತ್ತೆ ಬರುವುದು ಕಡಿಮೆ. ಬರುವುದೇ ಇಲ್ಲ ಎಂದು ನಾನು ಹೇಳಲಾರೆ.

ಮಹಾದೇವಿ ಕೈಬೆರಳು ಮಡಿಚಿ ಪ್ರತಿ ಮಾತನ್ನೂ ಕೇಳಿಕೊಂಡಳು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದಳು. ಶುಕ್ರವಾರವೇ ದವಾ ಚಾಲೂ ಆಗಿದ್ದರೆ ಕಣ್ಣು ಉಳಿಯುತ್ತಿತ್ತೇ?

ಡಾಕ್ಟರು ಪೆನ್ನು ಕೆಳಗಿಟ್ಟರು. ನೀವು ಅವತ್ತು ಕರೆದುಕೊಂಡು ಹೋಗಬಾರದಿತ್ತು ಎಂದು ಮೆಲ್ಲಗೆ ಹೇಳಿ, ಉತ್ತರ ಕೊಟ್ಟರು. ಹೋಗಬಾರದಿತ್ತು ಎಂಬ ಮಾತಿಗೆ ಮಹಾದೇವಿ ನನ್ನ ಕಡೆ ತಿರುಗಲಿಲ್ಲ, ಬೆರಳು ತೋರಿಸಲಿಲ್ಲ. "ಹಾ ಡಾಕ್ಟರ್," ಎಂದಳು. ಗೋಡೆಗೆ ಒರಗಿ ನಿಂತಿದ್ದ ನನ್ನ ನಾಲಿಗೆ ಆಗಲೂ ಏಳಲಿಲ್ಲ.

ಕಾರಿಡಾರಿಗೆ ಬಂದಮೇಲೆ ಅವಳು ನನ್ನ ಎದುರು ನಿಂತಳು. ಆ ಹಿಂದಿ ಪೂರ್ತಿ ಅರ್ಥವಾಗುವವಳು ನಾನು, ಅದು ಅವಳಿಗೆ ಗೊತ್ತಿತ್ತು. ಆದರೂ ಡಾಕ್ಟರು ಹೇಳಿದ್ದನ್ನೆಲ್ಲ, ಮೊದಲಿನಿಂದ, ಒಂದನ್ನೂ ಬಿಡದೆ ಕನ್ನಡದಲ್ಲಿ ನನಗೆ ಹೇಳಿದಳು. ಚಲೋ ಅದಾರ ಎಂಬುದನ್ನು, ಪರೀಕ್ಷೆ ತಪ್ಪಿಸಬಾರದು ಎಂಬುದನ್ನು, ಬರುವುದೇ ಇಲ್ಲ ಅನ್ನಲಾರೆ ಎಂಬುದನ್ನು. ಕೊನೆಗೆ ಕಣ್ಣಿನ ಮಾತಿಗೆ ಬಂದಳು.

"ಶುಕ್ರವಾರ ಚಾಲೂ ಮಾಡಿದ್ರ ಕಣ್ಣು ಉಳಿಬೌದಿತ್ತು ಅಂದ್ರು. ಚಾಲೂ ಮಾಡಿದ್ರೂ ಹೋಗಬೌದಿತ್ತು ಅಂತನೂ ಅಂದ್ರು. ಯಾವುದು ಖರೆ ಅಂತ ಯಾರಿಗೂ ಹೇಳಾಕ ಬರಂಗಿಲ್ಲಂತ." ತೂಕದ ಕೋಣೆಯಿಂದ ಸಿದ್ರಾಮ ಬರುತ್ತಿದ್ದ. ಅವಳು ಅವನ ಬಲಗಡೆಗೆ ಹೋಗಿ ನಿಂತಳು, ಅವನಿಗೆ ಕಾಣದ ಕಡೆಗೆ.

"ಎರಡೂ ಅಂದ್ರು," ಎಂದಳು ನನಗೆ. "ನಾ ಎರಡೂ ಹೇಳೀನಿ."